ಬೆಕ್ಕಿನ ಶುಗರ್ ಮನೆಯಲ್ಲೇ ನೋಡಲು ಯಾವ ಗ್ಲುಕೋಮೀಟರ್ ಕೊಳ್ಳಬೇಕು?

ಪ್ರಶ್ನೆ, ಬಸವನಗುಡಿಯಿಂದ:

ನಮ್ಮ ಹನ್ನೊಂದು ವರ್ಷದ ಗಂಡು ಬೆಕ್ಕಿಗೆ ಸಕ್ಕರೆ ಕಾಯಿಲೆ ಇರುವುದು ಇತ್ತೀಚೆಗೆ ಗೊತ್ತಾಯಿತು. ಪಶುವೈದ್ಯರು ದಿನಕ್ಕೆ ಎರಡು ಹೊತ್ತು ಗ್ಲಾರ್ಜಿನ್ ಇನ್ಸುಲಿನ್ ಬರೆದುಕೊಟ್ಟು, ಮನೆಯಲ್ಲೇ ಶುಗರ್ ನೋಡುವುದನ್ನು ಕಲಿತುಕೊಳ್ಳಿ ಎಂದಿದ್ದಾರೆ. ಮನೆಯಲ್ಲಿ ಮಾವನವರ ಗ್ಲುಕೋಮೀಟರ್ ಇದೆ. ಅದನ್ನೇ ಬೆಕ್ಕಿಗೂ ಬಳಸಬಹುದೇ ಅಥವಾ ಪ್ರಾಣಿಗಳಿಗೆಂದೇ ತಯಾರಾಗುವ ಮೀಟರನ್ನು ತರಿಸಿಕೊಳ್ಳಬೇಕೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಮಲ್ಲೇಶ್ವರದಿಂದ:

ಮನುಷ್ಯರ ಮೀಟರಿನಲ್ಲಿ ಬೆಕ್ಕಿನ ರಕ್ತವನ್ನು ಪರೀಕ್ಷಿಸಬಹುದು. ನಮ್ಮ ಮನೆಯಲ್ಲಿ ಅದನ್ನೇ ಮಾಡುತ್ತಿದ್ದೇವೆ. ಆದರೆ ಅದು ತೋರಿಸುವ ಅಂಕಿಯನ್ನು ಮನುಷ್ಯರ ಅಂಕಿಯ ಹಾಗೆ ಓದುವಂತಿಲ್ಲ. ಮನುಷ್ಯರ ರಕ್ತದ ಗ್ಲುಕೋಸ್‌ನಲ್ಲಿ ಸುಮಾರು ಶೇಕಡ 58 ಭಾಗ ರಕ್ತದ ದ್ರವಭಾಗವಾದ ಪ್ಲಾಸ್ಮಾದಲ್ಲಿಯೂ ಉಳಿದದ್ದು ಕೆಂಪು ರಕ್ತಕಣಗಳಲ್ಲಿಯೂ ಇರುತ್ತದೆ. ಬೆಕ್ಕಿನಲ್ಲಾದರೆ ಸುಮಾರು ಶೇಕಡ 93 ಭಾಗ ಪ್ಲಾಸ್ಮಾದಲ್ಲೇ ಇರುತ್ತದೆ. ಮನುಷ್ಯರ ಲೆಕ್ಕಕ್ಕೆ ಹೊಂದಿಸಿದ ಮೀಟರು ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ಇರುವುದಕ್ಕಿಂತ ಕಡಿಮೆ ತೋರಿಸುವುದು ಇದರಿಂದಲೇ. ಎಷ್ಟು ಕಡಿಮೆ ಎಂಬುದು ಮೀಟರಿನಿಂದ ಮೀಟರಿಗೂ ಶುಗರ್ ಮಟ್ಟಕ್ಕೆ ತಕ್ಕಂತೆಯೂ ಬದಲಾಗುವುದರಿಂದ, ಬಂದ ಅಂಕಿಗೆ ಇಂತಿಷ್ಟು ಕೂಡಿಸಿಕೊಳ್ಳಿ ಎಂದು ಯಾರಾದರೂ ಸೂತ್ರ ಹೇಳಿದರೆ ಅದನ್ನು ನೆಚ್ಚಿಕೊಳ್ಳಬೇಡಿ.

ಹಾಗಿದ್ದರೂ ಅದು ಉಪಯೋಗಕ್ಕೆ ಬರುತ್ತದೆ, ಏಕೆಂದರೆ ವೈದ್ಯರು ಒಂದು ಬಿಡಿ ಅಂಕಿಯನ್ನು ನೋಡಿ ಇನ್ಸುಲಿನ್ ಪ್ರಮಾಣ ನಿರ್ಧರಿಸುವುದಿಲ್ಲ. ಇನ್ಸುಲಿನ್ ಕೊಡುವ ಮುಂಚೆ ಎಷ್ಟಿತ್ತು, ಎರಡೆರಡು ಗಂಟೆಗೊಮ್ಮೆ ನೋಡಿದಾಗ ಎಷ್ಟರವರೆಗೆ ಇಳಿಯಿತು, ಹನ್ನೆರಡು ಗಂಟೆಯೊಳಗೆ ಯಾವಾಗ ಮತ್ತೆ ಏರತೊಡಗಿತು ಎಂಬ ಏರಿಳಿತ ಅವರಿಗೆ ಬೇಕು. ಪ್ರತಿಸಲವೂ ಅದೇ ಮೀಟರು, ಅದೇ ಸ್ಟ್ರಿಪ್ ಆಗಿದ್ದರೆ ಆ ಏರಿಳಿತ ಕಾಣುತ್ತದೆ. ಪುಸ್ತಕದಲ್ಲಿ ಅಂಕಿಗಳನ್ನು ಬರೆಯುವಾಗ ಮೇಲ್ಗಡೆ ಮೀಟರಿನ ಹೆಸರನ್ನೂ ಬರೆದು ವೈದ್ಯರಿಗೆ ತೋರಿಸಿ.

ಮಾವನವರ ಮೀಟರನ್ನೇ ಹಂಚಿಕೊಳ್ಳುವುದು ಮಾತ್ರ ಬೇಡವೆಂದು ನನ್ನ ಅಭಿಪ್ರಾಯ. ಚುಚ್ಚುವ ಪೆನ್ನು ಮತ್ತು ಅದರ ಸೂಜಿಯಾದ ಲ್ಯಾನ್ಸೆಟ್ ಬೇರೆಯಾಗಿರಲೇಬೇಕು. ಅಷ್ಟಲ್ಲದೆ ಮೀಟರಿನ ನೆನಪಿನಲ್ಲಿ ಇಬ್ಬರ ಅಂಕಿಗಳೂ ಬೆರೆತು, ಮುಂದಿನ ಸಲ ಮಾವನವರ ವೈದ್ಯರು ಅಲ್ಲಿ 390 ಎಂದು ಕಂಡು ಗಾಬರಿಯಾಗುವುದು ಯಾರಿಗೂ ಬೇಡ. ಮೀಟರಿನ ಬೆಲೆ ದೊಡ್ಡದಲ್ಲ. ವರ್ಷವಿಡೀ ಖರ್ಚಾಗುವುದು ಸ್ಟ್ರಿಪ್‌ಗೆ.

ಹೊಸದನ್ನು ಕೊಳ್ಳುವಾಗ ನಾನು ಮೊದಲು ನೋಡುವುದು ಸ್ಟ್ರಿಪ್ ಎಷ್ಟು ರಕ್ತ ಕೇಳುತ್ತದೆ ಎಂಬುದನ್ನು. ಬೆಕ್ಕಿನ ಕಿವಿಯಂಚಿನಿಂದ ಬರುವ ಹನಿ ಎಳ್ಳುಕಾಳಿನಷ್ಟಿರುತ್ತದೆ, ಕೆಲವೊಮ್ಮೆ ಅಷ್ಟೂ ಇರುವುದಿಲ್ಲ. ಅಕ್ಯು-ಚೆಕ್ ಆ್ಯಕ್ಟಿವ್ ಸ್ಟ್ರಿಪ್‌ಗೆ 1ರಿಂದ 2 ಮೈಕ್ರೋಲೀಟರ್ ಬೇಕು. ಅಕ್ಯು-ಚೆಕ್ ಇನ್‌ಸ್ಟಂಟ್ ಮತ್ತು ಕಾಂಟೂರ್ ಪ್ಲಸ್‌ಗಳಿಗೆ 0.6 ಸಾಕು. ಅಂಕಿಯಲ್ಲಿ ಸಣ್ಣದಾಗಿ ಕಾಣುವ ಈ ವ್ಯತ್ಯಾಸವೇ ಬೆಳಗಿನ ಆರು ಗಂಟೆಗೆ ಬೆಕ್ಕನ್ನು ಎರಡನೆಯ ಸಲ ಚುಚ್ಚಬೇಕೇ ಬೇಡವೇ ಎಂಬುದನ್ನು ತೀರ್ಮಾನಿಸುತ್ತದೆ. ಕಾಂಟೂರ್ ಪ್ಲಸ್‌ನಲ್ಲಿ ಮೊದಲ ಹನಿ ಸಾಲದಿದ್ದರೆ ಅರ್ಧ ನಿಮಿಷದೊಳಗೆ ಅದೇ ಸ್ಟ್ರಿಪ್‌ಗೆ ಇನ್ನಷ್ಟು ರಕ್ತ ಸೇರಿಸಲು ಅವಕಾಶವಿರುವುದರಿಂದ ನಾನು ಅದನ್ನು ಆರಿಸಿಕೊಂಡೆ. ಎರಡನೆಯ ಮಾತು, ಮನೆಯ ಹತ್ತಿರದ ಮೆಡಿಕಲ್ ಶಾಪಿನಲ್ಲಿ ಆ ಸ್ಟ್ರಿಪ್ ಸದಾ ಸಿಗಬೇಕು. ಎಷ್ಟೇ ಒಳ್ಳೆಯ ಮೀಟರಾದರೂ ಭಾನುವಾರ ರಾತ್ರಿ ಸ್ಟ್ರಿಪ್ ಮುಗಿದಾಗ ಮುಂದಿನ ಬೀದಿಯಲ್ಲಿ ಸಿಗದಿದ್ದರೆ ಪ್ರಯೋಜನವಿಲ್ಲ.

ರಕ್ತ ತೆಗೆಯುವ ವಿಷಯವನ್ನು ನೀವು ಕೇಳಿಲ್ಲ, ಆದರೆ ಮೀಟರು ಕೆಟ್ಟದೆಂದು ಬೈದುಕೊಳ್ಳುವ ಹೆಚ್ಚಿನವರ ತೊಂದರೆ ಅಲ್ಲಿಯೇ ಇರುತ್ತದೆ. ಕಿವಿಯ ಹೊರ ಅಂಚಿನುದ್ದಕ್ಕೂ ಒಂದು ಸಣ್ಣ ರಕ್ತನಾಳ ಹೋಗುತ್ತದೆ. ಕಿವಿಯ ಹಿಂದಿನಿಂದ ಟಾರ್ಚ್ ಬಿಟ್ಟರೆ ಅದು ಕೆಂಪು ಗೆರೆಯಾಗಿ ಕಾಣುತ್ತದೆ. ಚುಚ್ಚಬೇಕಾದದ್ದು ಆ ನಾಳವನ್ನಲ್ಲ, ಅದಕ್ಕೂ ಅಂಚಿಗೂ ನಡುವಿನ ಜಾಗವನ್ನು. ಡಿಸೆಂಬರ್, ಜನವರಿಯ ಬೆಳಗಿನ ಚಳಿಯಲ್ಲಿ ಕಿವಿ ತಣ್ಣಗಿದ್ದರೆ ರಕ್ತ ಬರುವುದೇ ಇಲ್ಲವಾದ್ದರಿಂದ, ಬಿಸಿನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯನ್ನು ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಕೈಗೆ ಹಿತವೆನಿಸುವಷ್ಟೇ ಬಿಸಿಯಿದೆಯೆಂದು ನೋಡಿಕೊಂಡು, ಸ್ವಲ್ಪ ಹೊತ್ತು ಕಿವಿಗೆ ಹಿಡಿಯಿರಿ. ಆಮೇಲೆ ಅಂಚಿಗೆ ಪೆಟ್ರೋಲಿಯಂ ಜೆಲ್ಲಿಯನ್ನು ತೀರ ತೆಳುವಾಗಿ ಸವರಿದರೆ ರಕ್ತ ಕೂದಲಿನಲ್ಲಿ ಹರಡಿಕೊಳ್ಳದೆ ಗುಂಡಗೆ ನಿಲ್ಲುತ್ತದೆ. ಸ್ಟ್ರಿಪ್‌ನ ತುದಿಯನ್ನು ಆ ಹನಿಗೆ ಮುಟ್ಟಿಸಿದರೆ ಅದೇ ಎಳೆದುಕೊಳ್ಳುತ್ತದೆ. ಹಿಂಬದಿಯಲ್ಲಿ ಹತ್ತಿ ಇಟ್ಟುಕೊಂಡರೆ ನಿಮ್ಮ ಬೆರಳಿಗೆ ಚುಚ್ಚುವುದಿಲ್ಲ. ಮೀಟರಿನ ಜೊತೆಗೆ ಬರುವ 30ರಿಂದ 33 ಗೇಜಿನ ಲ್ಯಾನ್ಸೆಟ್‌ಗಳು ಬಹಳ ಸಣ್ಣ. ಶುರುವಿನಲ್ಲಿ ಅದಕ್ಕಿಂತ ದಪ್ಪನೆಯ 26 ಅಥವಾ 28 ಗೇಜಿನದನ್ನು ಕೇಳಿ ತನ್ನಿ.

ಜಯನಗರದಿಂದ:

ಮಲ್ಲೇಶ್ವರದವರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೂ ನಾನು ಬಳಸುತ್ತಿರುವುದು ಪ್ರಾಣಿಗಳಿಗೆಂದೇ ಬಂದಿರುವ ಆಲ್ಫಾಟ್ರಾಕ್. ನಾವು ತೋರಿಸುವ ವೈದ್ಯರ ಬಳಿಯೂ ಅದೇ ಮೀಟರು ಇರುವುದರಿಂದ ಮನೆಯ ಅಂಕಿಯನ್ನೂ ಕ್ಲಿನಿಕ್ಕಿನ ಅಂಕಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಲು ಸಾಧ್ಯವಾಗುತ್ತದೆ. ಅದಕ್ಕೆ 0.3 ಮೈಕ್ರೋಲೀಟರ್ ರಕ್ತ ಸಾಕು. ಆಲ್ಫಾಟ್ರಾಕ್ 2ರಲ್ಲಿ ಸ್ಟ್ರಿಪ್ ಡಬ್ಬಿಯ ಮೇಲೆ ನಾಯಿಗೆ ಒಂದು, ಬೆಕ್ಕಿಗೆ ಒಂದು ಕೋಡ್ ಮುದ್ರಿಸಿರುತ್ತಾರೆ. ಹೊಸ ಡಬ್ಬಿ ತೆರೆದಾಗಲೆಲ್ಲ ಬೆಕ್ಕಿನ ಕೋಡ್ ಹಾಕಿಕೊಳ್ಳಬೇಕು.

ತೊಡಕೆಂದರೆ ಅದರ ಸ್ಟ್ರಿಪ್ ಬಡಾವಣೆಯ ಮೆಡಿಕಲ್ ಶಾಪಿನಲ್ಲಿ ಸಿಗುವ ಸರಕಲ್ಲ, ದುಬಾರಿ ಕೂಡ. ಹೀಗಾಗಿ ಅಡಚಣೆಗೆಂದು ಮನುಷ್ಯರ ಮೀಟರನ್ನೂ ಇಟ್ಟುಕೊಂಡಿದ್ದೇನೆ, ಆದರೆ ಎರಡರ ಅಂಕಿಗಳನ್ನು ಒಂದೇ ಪಟ್ಟಿಯಲ್ಲಿ ಎಂದೂ ಬೆರೆಸುವುದಿಲ್ಲ. ನಿಮ್ಮ ವೈದ್ಯರು ಯಾವುದನ್ನು ಬಳಸುತ್ತಾರೆಂದು ಮೊದಲು ಕೇಳಿ; ಅವರು ಮನುಷ್ಯರ ಮೀಟರಿನ ಅಂಕಿಗೇ ಒಗ್ಗಿಕೊಂಡಿದ್ದರೆ ನೀವು ಹೆಚ್ಚು ಖರ್ಚು ಮಾಡಬೇಕಾದ ಕಾರಣ ನನಗೆ ಕಾಣುವುದಿಲ್ಲ.

ಯಲಹಂಕದಿಂದ:

ಚುಚ್ಚಲು ಬಿಡದ ಬೆಕ್ಕಾದರೆ ಮೈಮೇಲೇ ಇದ್ದು ಶುಗರನ್ನು ಸತತವಾಗಿ ಅಳೆಯುವ ಫ್ರೀಸ್ಟೈಲ್ ಲಿಬ್ರೆ ಸೆನ್ಸರ್ ಹಾಕಿಸುವ ದಾರಿಯೂ ಇದೆ. ಪಶುವೈದ್ಯರು ಕೂದಲು ಬೋಳಿಸಿ ಚರ್ಮಕ್ಕೆ ಅಂಟಿಸುತ್ತಾರೆ. ಅದು ಕೆಲಸ ಮಾಡುವ ಅವಧಿ 14 ದಿನವಾದರೂ ಬೆಕ್ಕುಗಳು ಅಷ್ಟು ದಿನ ಇರಗೊಡುವುದು ಅಪರೂಪ. ಅದು ಅಳೆಯುವುದು ರಕ್ತವನ್ನಲ್ಲ, ಚರ್ಮದಡಿಯ ದ್ರವವನ್ನು. ಆದ್ದರಿಂದ ಶುಗರ್ ಬೇಗ ಇಳಿಯುತ್ತಿರುವಾಗ ಅದರ ಅಂಕಿ ತುಸು ಹಿಂದೆ ಇರುತ್ತದೆ. ಸೆನ್ಸರ್ ಇದ್ದರೂ ಮೀಟರು ಮನೆಯಲ್ಲಿರಲಿ.

ರಾಜಾಜಿನಗರದಿಂದ:

ನಾನು ರಕ್ತಪರೀಕ್ಷಾ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನು, ಮನೆಯಲ್ಲಿ ಬೆಕ್ಕೂ ಇದೆ. ಒಂದೇ ಹನಿಯಲ್ಲಿ ಎರಡು ಸಲ ನೋಡಿದರೆ 212 ಮತ್ತು 236 ಬಂದಿತೆಂದು ಅನೇಕರು ಮೀಟರನ್ನು ಹಿಂತಿರುಗಿಸಲು ಹೊರಡುತ್ತಾರೆ. ಗ್ಲುಕೋಮೀಟರುಗಳ ನಿಖರತೆಗೆ ಇರುವ ಅಂತರರಾಷ್ಟ್ರೀಯ ಮಾನದಂಡವಾದ 2013ರ ಐಎಸ್‌ಒ 15197ರ ಪ್ರಕಾರ ಮೀಟರಿನ ಶೇಕಡ 95ರಷ್ಟು ಫಲಿತಾಂಶಗಳು, ಶುಗರ್ ಡೆಸಿಲೀಟರಿಗೆ 100 ಮಿಲಿಗ್ರಾಂಗಿಂತ ಕಡಿಮೆಯಿದ್ದಾಗ ಪ್ರಯೋಗಾಲಯದ ಅಂಕಿಯಿಂದ 15 ಮಿಲಿಗ್ರಾಂ ಒಳಗೆ, ಅದಕ್ಕಿಂತ ಮೇಲಿದ್ದಾಗ ಶೇಕಡ 15ರ ಒಳಗೆ ಇದ್ದರೆ ಸಾಕು. ಅದೂ ಮನುಷ್ಯರ ರಕ್ತದಲ್ಲಿ. ಆದ್ದರಿಂದ ಇಂತಹ ವ್ಯತ್ಯಾಸವನ್ನು ದೋಷವೆಂದು ಎಣಿಸಬೇಕಾಗಿಲ್ಲ.

ಗಮನಿಸಬೇಕಾದ ಬೇರೆ ಸಂಗತಿಗಳಿವೆ. ರಕ್ತಹೀನತೆಯಿರುವ ಬೆಕ್ಕಿನಲ್ಲಿ ಮೀಟರು ಇರುವುದಕ್ಕಿಂತ ಹೆಚ್ಚು ತೋರಿಸಬಹುದು, ನಿರ್ಜಲೀಕರಣವಾಗಿ ರಕ್ತ ಗಟ್ಟಿಯಾಗಿದ್ದರೆ ಕಡಿಮೆ ತೋರಿಸಬಹುದು. ಮಳೆಗಾಲದಲ್ಲಿ ಸ್ಟ್ರಿಪ್ ಡಬ್ಬಿಯ ಮುಚ್ಚಳವನ್ನು ತೆರೆದಿಟ್ಟರೆ ತೇವ ಹಿಡಿದು ಸ್ಟ್ರಿಪ್ ಕೆಡುತ್ತದೆ, ಫ್ರಿಜ್ಜಿನಲ್ಲೂ ಇಡಬಾರದು. ಸ್ಪಿರಿಟ್ ಹಚ್ಚಿ ಒರೆಸಿದ್ದರೆ ಅದು ಪೂರ್ತಿ ಆರುವವರೆಗೆ ಚುಚ್ಚಬೇಡಿ. ಮೀಟರನ್ನು ಪ್ರಯೋಗಾಲಯದ ಅಂಕಿಯೊಂದಿಗೆ ಹೋಲಿಸಬೇಕೆಂದಿದ್ದರೆ, ವೈದ್ಯರು ರಕ್ತ ತೆಗೆದ ಆ ಗಳಿಗೆಯಲ್ಲೇ ಅದರ ಒಂದು ಹನಿಯನ್ನು ನಿಮ್ಮ ಸ್ಟ್ರಿಪ್‌ಗೆ ಹಾಕಿಸಿಕೊಳ್ಳಿ, ಉಳಿದದ್ದು ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬಿಗೆ ಹೋಗಲಿ. ಸಾಮಾನ್ಯ ಟ್ಯೂಬಿನಲ್ಲಿ ಕಾದು ಕೂತ ರಕ್ತದ ಗ್ಲುಕೋಸನ್ನು ರಕ್ತಕಣಗಳೇ ಬಳಸಿಕೊಂಡುಬಿಡುತ್ತವೆ.

ಮತ್ತೆ ಬಸವನಗುಡಿಯಿಂದ:

ಎಲ್ಲರಿಗೂ ಕೃತಜ್ಞತೆಗಳು. 0.6 ಮೈಕ್ರೋಲೀಟರಿನ ಮೀಟರನ್ನೇ ಕೊಳ್ಳುತ್ತೇವೆ. ಕ್ಲಿನಿಕ್ಕಿನಲ್ಲಿ ಯಾವಾಗಲೂ 350ರ ಮೇಲೆ ಬರುತ್ತದೆ. ಮನೆಯಲ್ಲಿ ಬಹಳ ಕಡಿಮೆ ಬಂದರೆ ಯಾವುದನ್ನು ನಂಬಬೇಕು? ಎಷ್ಟಕ್ಕೆ ಇಳಿದರೆ ಹೆದರಬೇಕು?

ಮಲ್ಲೇಶ್ವರದಿಂದ:

ಹೆದರಿದ ಬೆಕ್ಕಿನ ಶುಗರ್ ತಾನಾಗಿಯೇ ಏರುತ್ತದೆ. ಕಾಯಿಲೆಯೇ ಇಲ್ಲದ ಬೆಕ್ಕಿನಲ್ಲೂ ಕ್ಲಿನಿಕ್ಕಿನಲ್ಲಿ 300 ದಾಟಬಹುದು. ಮನೆಯಲ್ಲಿ ನೋಡಿ ಎಂದು ವೈದ್ಯರು ಹೇಳುವುದು ಇದಕ್ಕಾಗಿಯೇ. ಅನುಮಾನ ಉಳಿದರೆ ಫ್ರಕ್ಟೋಸಮೀನ್ ಪರೀಕ್ಷೆ ಮಾಡಿಸುತ್ತಾರೆ. ಅದು ಹಿಂದಿನ ಒಂದೆರಡು ವಾರಗಳ ಸರಾಸರಿಯನ್ನು ಹೇಳುವುದರಿಂದ ಆ ಹೊತ್ತಿನ ಹೆದರಿಕೆ ಅದರಲ್ಲಿ ಬರುವುದಿಲ್ಲ.

ಕೆಳಗಿನ ಗಡಿಯಾಗಿ ಸಾಮಾನ್ಯವಾಗಿ ಬಳಕೆಯಲ್ಲಿರುವುದು ಮನುಷ್ಯರ ಮೀಟರಿನಲ್ಲಿ 50, ಪ್ರಾಣಿಗಳ ಮೀಟರಿನಲ್ಲಿ 60ರಿಂದ 70ರ ಆಸುಪಾಸು. ನಿಮ್ಮ ಬೆಕ್ಕಿನ ಗಡಿಯನ್ನು ನಿಮ್ಮ ವೈದ್ಯರಿಂದಲೇ ಬರೆಸಿಕೊಳ್ಳಿ. ಅಷ್ಟು ಇಳಿದು ಬೆಕ್ಕು ತೂರಾಡುತ್ತಿದ್ದರೆ ಅಥವಾ ಮಂಕಾಗಿದ್ದರೆ ಇನ್ನೊಂದು ಸ್ಟ್ರಿಪ್ ಹಾಕಿ ನೋಡುತ್ತ ಕೂರದೆ ಜೇನುತುಪ್ಪವನ್ನೋ ಗ್ಲುಕೋಸ್ ನೀರನ್ನೋ ವಸಡಿಗೆ ಸವರಿ, ಗಂಟಲಿಗೆ ಸುರಿಯದೆ, ತಕ್ಷಣ ಆಸ್ಪತ್ರೆಗೆ ಹೊರಡಿ. ರಾತ್ರಿ ತೆರೆದಿರುವ ಪಶು ಆಸ್ಪತ್ರೆ ಯಾವುದೆಂದು ಈಗಲೇ ವಿಚಾರಿಸಿಟ್ಟುಕೊಳ್ಳಿ.

ಅಂಕಿ ದಿಢೀರನೆ ಕುಸಿದಾಗ ಮೀಟರನ್ನು ಸಂಶಯಿಸುವ ಮುಂಚೆ ಸಿರಿಂಜನ್ನೂ ನೋಡಿ. ನಮ್ಮ ಮೆಡಿಕಲ್ ಶಾಪುಗಳಲ್ಲಿ ಇನ್ಸುಲಿನ್ ಸಿರಿಂಜ್ ಎಂದು ಕೇಳಿದರೆ ಮಿಲಿಲೀಟರಿಗೆ 40 ಯೂನಿಟ್ ಇರುವ ಇನ್ಸುಲಿನ್‌ಗೆಂದು ಬರುವ ಕೆಂಪು ಮುಚ್ಚಳದ ಯು-40 ಕೊಟ್ಟುಬಿಡುವುದುಂಟು. ಗ್ಲಾರ್ಜಿನ್ ಯು-100, ಅಂದರೆ ಮಿಲಿಲೀಟರಿಗೆ 100 ಯೂನಿಟ್ ಇರುವಂಥದ್ದು, ಆದ್ದರಿಂದ ಅದಕ್ಕೆ ಬೇಕಾದದ್ದು ಕಿತ್ತಳೆ ಮುಚ್ಚಳದ ಯು-100 ಸಿರಿಂಜ್. ಕೆಂಪು ಮುಚ್ಚಳದ್ದರಲ್ಲಿ ಒಂದು ಯೂನಿಟ್‌ನ ಗೆರೆಯವರೆಗೆ ಎಳೆದರೆ ಬೆಕ್ಕಿನ ಮೈಗೆ ಎರಡೂವರೆ ಯೂನಿಟ್ ಹೋಗುತ್ತದೆ.