ಕೇಬಲ್ ಲ್ಯಾಪ್‌ಟಾಪ್ ಜೊತೆ ಮಾತಾಡುತ್ತದೆ, ಕಾರ್ ಜೊತೆ ಮಾತಾಡಲ್ಲ: "ಬಸ್ ಇನಿಟ್ ಎರರ್"

ಬೆಣ್ಣೆದೋಸೆ577
ಎಲ್ಲರಿಗೂ ನಮಸ್ಕಾರ, ದಾವಣಗೆರೆಯಿಂದ. ಕಾರು 2013ರ ಡಿಸೆಂಬರ್‌ನದು, ಪೆಟ್ರೋಲ್. ಎರಡು ವಾರದಿಂದ ಚೆಕ್ ಎಂಜಿನ್ ಲೈಟ್ ಹತ್ತಿಕೊಂಡೇ ಇದೆ. ಗ್ಯಾರೇಜಿನಲ್ಲಿ ಬರೀ ಕೋಡ್ (ದೋಷ ಏನು ಅಂತ ಕಾರಿನ ಕಂಪ್ಯೂಟರ್ ಬರೆದಿಡುವ ಸಂಖ್ಯೆ) ನೋಡಲು 500 ರೂಪಾಯಿ ಕೇಳಿದರು. ಅಷ್ಟಕ್ಕೇ ಆ ಕೋಡನ್ನು ಲ್ಯಾಪ್‌ಟಾಪ್‌ನಲ್ಲಿ ಓದುವ ಇಎಲ್‌ಎಂ327 ಚಿಪ್‌ನ ಯುಎಸ್‌ಬಿ ಕೇಬಲ್ ಸಿಗುತ್ತದಲ್ಲ ಅಂತ ಆನ್‌ಲೈನಿನಲ್ಲಿ ತರಿಸಿದೆ.

ಮೊದಲು ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು ಬಂತು. ಕೇಬಲ್‌ನ ಯುಎಸ್‌ಬಿ ಚಿಪ್‌ಗೆ ಬೇಕಾದ ಸಿಎಚ್340 ಡ್ರೈವರ್ ಹಾಕಿದ ಮೇಲೆ ಹೋಯಿತು. ಈಗ ಪೋರ್ಟ್ ಕಾಮ್ 5 ಅಂತ ತೋರಿಸುತ್ತದೆ. ಕೇಬಲ್‌ನ ಕೆಂಪು ಲೈಟ್ ಕೂಡ ಉರಿಯುತ್ತದೆ. ಆದರೆ ಕೀ ಆನ್ ಮಾಡಿ ಕನೆಕ್ಟ್ ಒತ್ತಿದರೆ ಪ್ರತಿ ಸಲ "ಬಸ್ ಇನಿಟ್ ಎರರ್". ಬೇರೆ ಲ್ಯಾಪ್‌ಟಾಪ್ ನೋಡಿದೆ, ಬೇರೆ ಸಾಫ್ಟ್‌ವೇರ್ ನೋಡಿದೆ, ಅದೇ ಹಾಡು. ಮೊನ್ನೆ ಚಿತ್ರದುರ್ಗಕ್ಕೆ ಹೋಗಿ ಬಂದಾಗಿನಿಂದ ಮೊಬೈಲ್ ಚಾರ್ಜರ್ ಸಾಕೆಟ್ಟೂ ಸತ್ತಿದೆ. ಅದು ಬೇರೆ ಕಥೆ ಬಿಡಿ. ಮೊದಲು ಈ ಕೇಬಲ್ ಬಗ್ಗೆ ಯಾರಾದರೂ ಹೇಳಿ.

ಸ್ಪ್ಯಾನರ್‌ಪ್ರಿಯ
ಡೂಪ್ಲಿಕೇಟ್ ಚಿಪ್. ವಾಪಸ್ ಕಳಿಸಿ, ಒಳ್ಳೆಯದು ತಗೊಳ್ಳಿ.

ಏಳುಸುತ್ತಿನಕೋಟೆ
ಡೂಪ್ಲಿಕೇಟ್ ಇರುತ್ತದೆ, ಅದರಲ್ಲಿ ಅನುಮಾನವೇ ಬೇಡ. ಅಸಲಿ ಚಿಪ್ ಮಾಡುತ್ತಿದ್ದ ಕೆನಡಾದ ಕಂಪನಿ 2022ರಲ್ಲಿ ಬಾಗಿಲು ಹಾಕಿತು. ಅವರ ಮೊದಲ ಆವೃತ್ತಿಗೆ ಕಾಪಿ ತಡೆಯುವ ವ್ಯವಸ್ಥೆ ಇರಲಿಲ್ಲ. ಅವತ್ತಿನಿಂದ ನಕಲು ಶುರುವಾದದ್ದು, ಇನ್ನೂ ನಿಂತಿಲ್ಲ. ನನ್ನ ಹತ್ತಿರ ಇರುವ ಮೂರೂ ನಕಲಿಯೇ. ಕೋಡ್ ಓದುವ ಮಟ್ಟಿಗೆ ಮೂರೂ ಕೆಲಸ ಮಾಡುತ್ತವೆ. ಹಾಗಾಗಿ ವಾಪಸ್ ಕಳಿಸುವ ಅವಸರ ಬೇಡ.

577 ಅವರೇ, ನಿಮ್ಮ ಆ "ಬೇರೆ ಕಥೆ" ಇದೇ ಕಥೆ ಇರಬಹುದು.

ಒಂದು ಕೆಲಸ ಮಾಡಿ. ಕೇಬಲ್ಲನ್ನು ಕಾರಿಗೆ ಹಾಕದೆ ಲ್ಯಾಪ್‌ಟಾಪ್‌ಗೆ ಮಾತ್ರ ಹಾಕಿ. ಆಗಲೂ ಕೆಂಪು ಲೈಟ್ ಉರಿದರೆ ಅದಕ್ಕೆ ಯುಎಸ್‌ಬಿಯ 5 ವೋಲ್ಟೇ ಸಾಕಾಗುತ್ತಿದೆ ಅಂತ ಅರ್ಥ. ಅಂದರೆ ಆ ಲೈಟ್ ನೋಡಿ ಕಾರಿನಿಂದ ಕರೆಂಟ್ ಬರುತ್ತಿದೆ ಅಂತ ನಂಬುವ ಹಾಗಿಲ್ಲ. ಬ್ಲೂಟೂತ್‌ನದು ತಗೊಂಡಿದ್ದರೆ ನಿಮಗೆ ಮೊದಲ ದಿನವೇ ಗೊತ್ತಾಗುತ್ತಿತ್ತು. ಕಾರಿನಿಂದ ಕರೆಂಟ್ ಇಲ್ಲ ಅಂದರೆ ಅದು ಉಸಿರೇ ಬಿಡಲ್ಲ.

ಆಮೇಲೆ ಕಾರಿಗೆ ಹಾಕಿ, ಯಾವುದಾದರೂ ಟರ್ಮಿನಲ್ ಪ್ರೋಗ್ರಾಂ ತೆರೆಯಿರಿ. ಕಾಮ್ 5, ವೇಗ 38400. ಎಟಿಝಡ್ ಒತ್ತಿ ಎಂಟರ್ ಕೊಟ್ಟರೆ ಚಿಪ್ ತನ್ನ ಹೆಸರು ಹೇಳಬೇಕು. ಕಸಮುಸುರೆ ಅಕ್ಷರ ಬಂದರೆ ವೇಗ ಬದಲಿಸಿ ನೋಡಿ. ಹೆಸರು ಸರಿಯಾಗಿ ಬಂದರೆ ಎಟಿಆರ್‌ವಿ ಕೊಡಿ. ಅದು ಕಾರಿನ ಬ್ಯಾಟರಿ ವೋಲ್ಟೇಜ್ ಹೇಳುತ್ತದೆ. ಎಂಜಿನ್ ಆಫ್ ಇದ್ದಾಗ 12ರ ಆಸುಪಾಸು ಇರಬೇಕು. ಎಷ್ಟು ಬಂತು ಅಂತ ಇಲ್ಲಿ ಹಾಕಿ.

ಟಾರ್ಚ್ ಹಿಡಿದು, ಕೇಬಲ್ ಹಾಕುವ ಸ್ಟೀರಿಂಗ್ ಕೆಳಗಿನ ಸಾಕೆಟ್ ಒಳಗಿನ ಪಿನ್‌ಗಳನ್ನೂ ನೋಡಿ. ಅಗಲದ ಬದಿ ಮೇಲೆ ಬರಲಿ. ಮೇಲಿನ ಸಾಲು ಎಡದಿಂದ 1ರಿಂದ 8, ಕೆಳಗಿನದು 9ರಿಂದ 16. 16 ಜಾಗವಿದ್ದರೂ ಎಲ್ಲದರಲ್ಲೂ ಲೋಹ ಇರಲ್ಲ. ನಿಮ್ಮದರಲ್ಲಿ ಯಾವುದು ಇದೆ?

ಬೆಣ್ಣೆದೋಸೆ577
ಸರ್, ಕಾರಿಗೆ ಹಾಕದಿದ್ದರೂ ಲೈಟ್ ಉರಿಯುತ್ತದೆ! ಎಟಿಝಡ್‌ಗೆ "ಇಎಲ್‌ಎಂ327 ವಿ1.5" ಅಂತ ಬಂತು. ಎಟಿಆರ್‌ವಿಗೆ 0.3 ವೋಲ್ಟ್. ಪಿನ್ 4, 5, 7, 16ರಲ್ಲಿ ಮಾತ್ರ ಲೋಹ ಇದೆ. 6 ಮತ್ತು 14 ಖಾಲಿ.

ಏಳುಸುತ್ತಿನಕೋಟೆ
ಸಿಕ್ಕಿತು ನೋಡಿ.

6 ಮತ್ತು 14 ಕ್ಯಾನ್ ಬಸ್‌ನ, ಅಂದರೆ ಹೊಸ ಕಾರುಗಳು ಮಾತಾಡುವ ಲೈನ್‌ನ, ಎರಡು ತಂತಿ. ಅವು ಖಾಲಿ, 7 ಮಾತ್ರ ಇದೆ ಅಂದರೆ ನಿಮ್ಮ ಕಾರು ಮಾತಾಡುವುದು ಹಳೆಯ ಕೆ-ಲೈನ್‌ನಲ್ಲಿ. ಒಂದೇ ತಂತಿ, ಸೆಕೆಂಡಿಗೆ 10400 ಬಿಟ್. ಆ ತಂತಿ ಸುಮ್ಮನಿರುವಾಗ 12 ವೋಲ್ಟ್‌ನಲ್ಲಿ ಇರಬೇಕು. ಮಾತಾಡುವವರು ಅದನ್ನು ಕೆಳಗೆ ಎಳೆದು ಬಿಡುತ್ತಾರೆ, ಅದೇ ಸಿಗ್ನಲ್. ಕೇಬಲ್ ಆ 12 ವೋಲ್ಟನ್ನು ತಗೊಳ್ಳುವುದು ಪಿನ್ 16ರಿಂದ. ನಿಮ್ಮಲ್ಲಿ ಅಲ್ಲಿ ಏನೂ ಇಲ್ಲ. ಹಾಗಾಗಿ ಚಿಪ್ ಕೂಗುತ್ತಿದೆ, ಧ್ವನಿ ಹೊರಗೇ ಬರುತ್ತಿಲ್ಲ.

ಮಲ್ಟಿಮೀಟರ್ ಇದ್ದರೆ ಖಾತ್ರಿ ಮಾಡಿಕೊಳ್ಳಿ. 20 ವೋಲ್ಟ್ ಡಿಸಿಯಲ್ಲಿಡಿ, ಕಪ್ಪು ಕಡ್ಡಿ ಪಿನ್ 4ಕ್ಕೆ, ಕೆಂಪು ಕಡ್ಡಿ ಪಿನ್ 16ಕ್ಕೆ. ಎರಡು ಕಡ್ಡಿ ಒಂದಕ್ಕೊಂದು ತಾಗದ ಹಾಗೆ ನೋಡಿಕೊಳ್ಳಿ, ಹುಷಾರು. ಸೊನ್ನೆ ಬಂದರೆ ಫ್ಯೂಸ್ ಬಾಕ್ಸ್ ತೆರೆಯಿರಿ. ಎಷ್ಟೋ ಕಾರುಗಳಲ್ಲಿ ಪಿನ್ 16ಕ್ಕೂ ಸಿಗರೇಟ್ ಲೈಟರ್ ಸಾಕೆಟ್‌ಗೂ (ನೀವು ಚಾರ್ಜರ್ ಹಾಕುವುದು) ಒಂದೇ ಫ್ಯೂಸ್. ಚಿತ್ರದುರ್ಗದ ದಾರಿಯಲ್ಲಿ ಆ ಸಾಕೆಟ್‌ಗೆ ಏನು ಹಾಕಿದ್ರಿ?

ಬೆಣ್ಣೆದೋಸೆ577
ಅಯ್ಯೋ. ಭರಮಸಾಗರದ ಹತ್ತಿರ ಟೈರ್ ಗಾಳಿ ಇಳಿದಿತ್ತು. ಗಾಳಿ ಪಂಪ್ ಹಾಕಿದ್ದೆ. ಎರಡು ನಿಮಿಷ ಓಡಿ ನಿಂತುಬಿಟ್ಟಿತು. ಪಂಪೇ ಸುಟ್ಟಿತು ಅಂದುಕೊಂಡು ಎಸೆದುಬಿಟ್ಟೆ!

ಸ್ಪ್ಯಾನರ್‌ಪ್ರಿಯ
ಪಾಪ ಪಂಪ್. ಫ್ಯೂಸ್ ಹಾಕುವಾಗ ದೊಡ್ಡದೇ ಹಾಕಿಬಿಡಿ, 30 ಆಂಪಿಯರ್‌ದು. ಇನ್ನು ಹೋಗಲ್ಲ.

ಏಳುಸುತ್ತಿನಕೋಟೆ
ದಯವಿಟ್ಟು ಬೇಡ. ಫ್ಯೂಸ್ ಹೋಗಲ್ಲ, ಅದರ ಬದಲು ವೈರ್ ಹೋಗುತ್ತದೆ, ಡ್ಯಾಶ್‌ಬೋರ್ಡ್ ಒಳಗೆ. ಮುಚ್ಚಳದ ಮೇಲೆ ಎಷ್ಟು ಬರೆದಿದೆಯೋ ಅಷ್ಟೇ ಹಾಕಿ. 15 ಅಂದರೆ ನೀಲಿ, 20 ಅಂದರೆ ಹಳದಿ. ಆಟೋ ಎಲೆಕ್ಟ್ರಿಕ್ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ.

ಹರಿಹರಬ್ರಿಡ್ಜ್
ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನ್ನದು ಬ್ಲೂಟೂತ್‌ನದು. ಪೇರ್ ಆಗುತ್ತದೆ, ಆದರೆ ಲ್ಯಾಪ್‌ಟಾಪ್‌ನಲ್ಲಿ ಎರಡು ಕಾಮ್ ಪೋರ್ಟ್ ತೋರಿಸುತ್ತದೆ. ಯಾವುದು ಹಿಡಿಯಬೇಕು?

ಏಳುಸುತ್ತಿನಕೋಟೆ
"ಔಟ್‌ಗೋಯಿಂಗ್" ಅಂತ ಇರುವುದು. ಇನ್ನೊಂದನ್ನು ಮರೆತುಬಿಡಿ.

ಬೆಣ್ಣೆದೋಸೆ577
ಫ್ಯೂಸ್ ಹೋಗಿತ್ತು. ನೀಲಿ 15. ಹೊಸದು ಹಾಕಿದೆ, ಎಟಿಆರ್‌ವಿ 12.4, ಕನೆಕ್ಟ್ ಆಯಿತು! ಚಾರ್ಜರ್ ಸಾಕೆಟ್ಟಿಗೂ ಜೀವ ಬಂತು. ಕೋಡ್ ಒಂದೇ ಇದೆ, ಪಿ0113. ಒಳಗೆ ಹೋಗುವ ಗಾಳಿಯ ತಾಪಮಾನದ ಸೆನ್ಸರ್ ಅಂತೆ. ಹೊಸ ಸೆನ್ಸರ್ ತರಿಸಲಾ?

ಏಳುಸುತ್ತಿನಕೋಟೆ
ತಡೀರಿ. ಟರ್ಮಿನಲ್‌ನಲ್ಲಿ 010ಎಫ್ ಅಂತ ಕೊಡಿ, ಆ ಸೆನ್ಸರ್ ಎಷ್ಟು ತಾಪಮಾನ ತೋರಿಸುತ್ತಿದೆ ಅಂತ ಕೇಳುವ ಆದೇಶ ಅದು. ಉತ್ತರದ ಕೊನೆಯ ಎರಡು ಅಂಕಿ ಹೇಳಿ.

ಬೆಣ್ಣೆದೋಸೆ577
41 0ಎಫ್ 00. ಕೊನೆಯದು ಸೊನ್ನೆ.

ಏಳುಸುತ್ತಿನಕೋಟೆ
ಆ ಸಂಖ್ಯೆಯಿಂದ 40 ಕಳೆದರೆ ಸೆಲ್ಸಿಯಸ್. ಅಂದರೆ ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ ನಿಮ್ಮ ಕಾರಿಗೆ ಮೈನಸ್ 40 ಡಿಗ್ರಿ ಚಳಿ. ಸ್ವೆಟರ್ ಹಾಕಿ ಅದಕ್ಕೆ 😄

ಈ ಸೆನ್ಸರ್ ತಣ್ಣಗಾದಷ್ಟೂ ಅದರ ರೆಸಿಸ್ಟೆನ್ಸ್ ಜಾಸ್ತಿ ಆಗುತ್ತದೆ. ತಂತಿಯೇ ಕಡಿದರೆ ಕಂಪ್ಯೂಟರ್ ಅದನ್ನು ಭಯಂಕರ ಚಳಿ ಅಂತ ಓದುತ್ತದೆ. ಸೆನ್ಸರ್ ಕೆಟ್ಟು ಹೀಗಾಗುವುದಕ್ಕಿಂತ ಪ್ಲಗ್ ಬಿಟ್ಟುಹೋಗಿ ಆಗುವುದನ್ನೇ ನಾನು ಜಾಸ್ತಿ ನೋಡಿದ್ದೇನೆ. ಈಚೆಗೆ ಏರ್ ಫಿಲ್ಟರ್ ಬಿಚ್ಚಿದ್ರಾ?

ಬೆಣ್ಣೆದೋಸೆ577
ಟ್ರಿಪ್‌ಗೆ ಮುಂಚಿನ ಭಾನುವಾರ ನಾನೇ ಬಿಚ್ಚಿ ಧೂಳು ಕೊಡವಿದ್ದೆ. ಈಗ ಬಾನೆಟ್ ಎತ್ತಿ ನೋಡಿದೆ. ಫಿಲ್ಟರ್ ಡಬ್ಬದ ಪಕ್ಕ ಒಂದು ಪ್ಲಗ್ ಜೋತಾಡುತ್ತಿತ್ತು, ಟಕ್ ಅಂತ ಕೂತಿತು. ಮತ್ತೆ 010ಎಫ್ ಕೊಟ್ಟೆ, ಕೊನೆಗೆ 51 ಬಂತು. ಅಂದರೆ 11 ಡಿಗ್ರಿನಾ?

ಏಳುಸುತ್ತಿನಕೋಟೆ
ಅಲ್ಲ, ಅದು ಹೆಕ್ಸ್, ಹತ್ತರ ಬದಲು ಹದಿನಾರರ ಲೆಕ್ಕ. 51 ಅಂದರೆ ಐದು ಹದಿನಾರಲಿ ಎಂಬತ್ತು, ಮೇಲೊಂದು, 81. ಕಳೆದರೆ 41 ಡಿಗ್ರಿ. ಈಗ ಊರಿಗೆ ಬಂತು ನಿಮ್ಮ ಕಾರು. ಎಂಜಿನ್ ಆಫ್, ಕೀ ಆನ್ ಇಟ್ಟು ಕೋಡ್ ಅಳಿಸಿ. ಅಳಿಸದಿದ್ದರೂ ನಾಲ್ಕೈದು ಸಲ ಓಡಿಸಿದ ಮೇಲೆ ಲೈಟ್ ತಾನಾಗೇ ಹೋಗುತ್ತದೆ.

ಬೆಣ್ಣೆದೋಸೆ577
ಅಳಿಸಿದೆ, ಲೈಟ್ ಹೋಯಿತು. ಹೊಸ ಪಂಪ್ ಬುಕ್ ಮಾಡಿದ್ದೇನೆ. ಈ ಸಲ ನೇರ ಬ್ಯಾಟರಿಗೆ ಕ್ಲಿಪ್ ಹಾಕುವಂಥದ್ದು.