‘ನಡುವೆ ಗಾಳಿ ಇದೆ ಮಿಸ್’

ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ಓದುಗರೊಬ್ಬರು ತಮ್ಮ ಇಕ್ಕಟ್ಟು ಹೇಳಿಕೊಂಡಿದ್ದರು. ಚಿತ್ರಕಲೆಯಲ್ಲಿ ಸ್ನಾತಕೋತ್ತರ ಪದವಿ ಮುಗಿದು ಎರಡು ವರ್ಷವಾಗಿದೆ, ಗ್ಯಾಲರಿಗಳಿಂದ ಕರೆಯಿಲ್ಲ. ಎದುರಿಗಿರುವುದು ಮೂರು ದಾರಿ: ಶಾಲೆಯೊಂದರಲ್ಲಿ ಕಲಾ ಶಿಕ್ಷಕಿಯ ಕೆಲಸ, ಹಳೆಯ ಗುರುಗಳು ಸೂಚಿಸಿದ ಪಿಎಚ್‌ಡಿ, ಸಮುದಾಯ ಸಂಸ್ಥೆಯೊಂದರ ಒಂದು ವರ್ಷದ ಪ್ರಾಜೆಕ್ಟ್. ‘ಯಾವುದನ್ನು ಹಿಡಿದರೂ ಸೋತು ಹಿಂದೆ ಸರಿದ ಹಾಗೆ ಅನಿಸುತ್ತದೆ. ನನ್ನೊಳಗಿನ ಕಲಾವಿದೆ ಉಳಿಯುತ್ತಾಳೆಯೇ?’ ಎಂಬುದು ಅವರ ಪ್ರಶ್ನೆ. ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

*

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ಕಲೆ, ನಿಮ್ಮ ಹೆಸರು, ನಿಮ್ಮ ಸೋಲು ಎಲ್ಲವೂ ಇದೆ. ಕಲಿಯಲು ಬರುವ ಮಕ್ಕಳ ಬಗ್ಗೆ ಒಂದು ಸಾಲೂ ಇಲ್ಲ. ಆ ಸಾಲು ಬರೆಯಬೇಕು ಅನಿಸುವವರೆಗೆ ದಯವಿಟ್ಟು ಶಾಲೆಯ ಕಡೆ ಹೋಗಬೇಡಿ.

— ಪ್ರಾಥಮಿಕ ಶಾಲೆಯ ಶಿಕ್ಷಕ

*

ಮಾತು ಖಾರವಾಗಿದೆ. ಇದೇ ಮಾತನ್ನು ಇನ್ನೊಬ್ಬರು ತಮಗೆ ತಾವೇ ಹೇಳಿಕೊಂಡಿದ್ದಾರೆ. ಪತ್ರ ಉದ್ದವಿದೆ, ಕತ್ತರಿ ಹಾಕಲು ಮನಸ್ಸಾಗಲಿಲ್ಲ.

*

ತಂಗಿ, ನಿನ್ನ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಇಪ್ಪತ್ತಾರು ವರ್ಷದ ಹಿಂದೆ ನಾನೂ ಹೆಚ್ಚುಕಡಿಮೆ ಇದೇ ಮಾತುಗಳನ್ನು ಡೈರಿಯಲ್ಲಿ ಬರೆದುಕೊಂಡಿದ್ದೆ. ಬರೆದು ಮುಚ್ಚಿಟ್ಟು, ಮರುದಿನ ಶಾಲೆಗೆ ಹೋಗಿ ಸೇರಿದೆ. ಎರಡು ವರ್ಷ ಅಷ್ಟೇ, ಆಮೇಲೆ ಬಿಟ್ಟುಬಿಡುತ್ತೇನೆ ಎಂದು ನನಗೆ ನಾನೇ ಮಾತು ಕೊಟ್ಟುಕೊಂಡಿದ್ದೆ.

ಎರಡನೇ ತರಗತಿಯಲ್ಲಿ ಏಳು ವರ್ಷದ ಒಬ್ಬ ಹುಡುಗನಿದ್ದ. ಕಾಗದದ ಕೆಳಗಂಚಿಗೆ ಹಸಿರು ಪಟ್ಟಿ, ಅದರ ಮೇಲೆ ಮನೆ, ಮನೆ ಪಕ್ಕ ಅವನ ಅಕ್ಕ. ಕಾಗದದ ಮೇಲಂಚಿಗೆ ನೀಲಿ ಪಟ್ಟಿ. ನಡುವೆ ಪೂರ್ತಿ ಖಾಲಿ. ‘ಆಕಾಶ ಹೀಗೆ ಮೇಲೆ ತೂಗಾಡುತ್ತದೇನೋ? ಕೆಳಗೆ ನೆಲದ ತನಕ ಬರುತ್ತೆ’ ಎನ್ನುತ್ತಾ ಅವನ ಕೈಯಿಂದ ಬ್ರಶ್ ತೆಗೆದುಕೊಂಡೆ. ನೀರು ಅದ್ದಿ ನೀಲಿಯನ್ನು ಮನೆಯ ಮಾಡಿನ ತನಕ ಎಳೆದೆ. ಬಣ್ಣ ಇಳಿದು ಅಕ್ಕನ ತಲೆಯ ಮೇಲೆ ಹರಡಿತು. ಅವನು ಮೆಲ್ಲಗೆ, ‘ನಡುವೆ ಗಾಳಿ ಇದೆ ಮಿಸ್’ ಎಂದ. ಕೇಳಿಸಿತು. ಉತ್ತರ ಕೊಡದೆ ಪಕ್ಕದ ಮಗುವಿನ ಕಾಗದಕ್ಕೆ ಹೋದೆ.

ಅಲ್ಲಿಂದಾಚೆಗೆ ಆ ಹುಡುಗ ನನ್ನ ಮುಖ ನೋಡದೆ ಬ್ರಶ್ ಎತ್ತಲಿಲ್ಲ. ವರ್ಷದ ಕೊನೆಗೆ ಕಾಗದವನ್ನು ನನ್ನ ಕಡೆ ತಿರುಗಿಸಿಟ್ಟು ಸುಮ್ಮನೆ ಕೂರುತ್ತಿದ್ದ. ಇವನಿಗೆ ಚಿತ್ರ ಒಲಿಯುವುದಿಲ್ಲ ಎಂದುಕೊಂಡೆ.

ಆರು ವರ್ಷದ ಮೇಲೆ ಬೋಧನಾ ತರಬೇತಿಗೆ ಹೋದಾಗ ಮಕ್ಕಳ ಚಿತ್ರಗಳ ಬಗ್ಗೆ ಒಂದು ಪಾಠವಿತ್ತು. ವಿಕ್ಟರ್ ಲೋವೆನ್‌ಫೆಲ್ಡ್ ಎಂಬ ಕಲಾ ಶಿಕ್ಷಣ ತಜ್ಞರು 1947ರಷ್ಟು ಹಿಂದೆಯೇ ಬರೆದಿಟ್ಟಿದ್ದಾರೆ: ಏಳರಿಂದ ಒಂಬತ್ತು ವರ್ಷದ ಮಕ್ಕಳು ಕೆಳಗೆ ನೆಲದ ಗೆರೆ ಎಳೆಯುತ್ತಾರೆ, ಆಕಾಶವನ್ನು ಮೇಲೆ ಇಡುತ್ತಾರೆ, ಅವೆರಡರ ನಡುವೆ ಇರುವುದು ಅವರ ಪಾಲಿಗೆ ಗಾಳಿ. ಅದು ತಪ್ಪಲ್ಲ, ಲೋಕವನ್ನು ಒಂದು ಕ್ರಮಕ್ಕೆ ತಂದುಕೊಳ್ಳುವ ಬಗೆ. ತರಗತಿಯಲ್ಲಿ ಉಳಿದವರೆಲ್ಲ ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು. ನನ್ನ ಪೆನ್ನು ಓಡಲಿಲ್ಲ. ತಜ್ಞರು ಬರೆದದ್ದನ್ನು ಆ ಹುಡುಗ ತನ್ನ ಬಾಯಿಂದಲೇ ನನಗೆ ಹೇಳಿದ್ದ. ಚಿತ್ರಕಲೆಯಲ್ಲಿ ಎರಡು ಪದವಿ ಪಡೆದವಳಿಗೆ ಅದು ಗೊತ್ತಿರಲಿಲ್ಲ, ಏಕೆಂದರೆ ಕಲಿಸುವುದಕ್ಕೂ ಒಂದು ವಿದ್ಯೆ ಬೇಕು ಎಂದೇ ನಾನು ಒಪ್ಪಿರಲಿಲ್ಲ.

ಇನ್ನು ನಿನ್ನ ಪ್ರಶ್ನೆ. ನನ್ನ ಚಿತ್ರ ನಿಂತುಹೋದದ್ದು ನಿಜ, ಒಂಬತ್ತು ವರ್ಷ. ಅದಕ್ಕೆ ಶಾಲೆ ಕಾರಣವಾಗಿರಲಿಲ್ಲ. ಸಹಪಾಠಿಗಳ ಪ್ರದರ್ಶನಕ್ಕೆ ಹೋದರೆ ಶಾಲೆಯ ಕೆಲಸದ ಮಾತೇ ಎತ್ತುತ್ತಿರಲಿಲ್ಲ, ಶಾಲೆಯಲ್ಲಿ ‘ನಾನು ನಿಜವಾಗಿ ಕಲಾವಿದೆ’ ಎನ್ನುತ್ತಿದ್ದೆ. ಎರಡು ಕಡೆಯೂ ಅರ್ಧ ಮನಸ್ಸು. ನಾಚಿಕೆ ಇರುವ ಕೈಯಲ್ಲಿ ಬ್ರಶ್ ನಿಲ್ಲುವುದಿಲ್ಲ ತಂಗಿ. ಆ ಪಾಠದ ನಂತರ ಮಕ್ಕಳ ಚಿತ್ರಗಳನ್ನು ಎದುರಿಗಿಟ್ಟುಕೊಂಡು ನೋಡತೊಡಗಿದೆ. ನನ್ನ ಕ್ಯಾನ್ವಾಸಿನಲ್ಲೂ ನಿಧಾನಕ್ಕೆ ಬಿಳಿ ಜಾಗ ಬಂತು. ಈಗ ಭಾನುವಾರದ ಬೆಳಗ್ಗೆ ಯಾರಿಗೂ ಬಿಟ್ಟುಕೊಡುವುದಿಲ್ಲ.

ಸೇರುವ ಮುನ್ನ ಶಾಲೆಯವರನ್ನು ಕೆಲವು ವಿಷಯ ಕೇಳು. ವಾರಕ್ಕೆ ಎಷ್ಟು ಪಿರಿಯಡ್, ಒಂದು ತರಗತಿಯಲ್ಲಿ ಎಷ್ಟು ಮಕ್ಕಳು, ಬಣ್ಣ ಕಾಗದಕ್ಕೆ ಪ್ರತ್ಯೇಕ ಹಣವಿದೆಯೇ, ಕುಂಚ ತೊಳೆಯಲು ನೀರಿರುವ ಕೋಣೆ ಇದೆಯೇ, ಪರೀಕ್ಷೆ ಹತ್ತಿರ ಬಂದಾಗ ಚಿತ್ರಕಲೆಯ ಪಿರಿಯಡನ್ನು ಬೇರೆ ವಿಷಯಕ್ಕೆ ಕೊಡುತ್ತಾರೆಯೇ. ಕೊನೆಯ ಪ್ರಶ್ನೆಗೆ ಅವರು ಉತ್ತರ ಕೊಡುವ ರೀತಿಯಲ್ಲೇ ಎಲ್ಲ ತಿಳಿಯುತ್ತದೆ.

ಆ ಹುಡುಗ ಈಗ ಎಲ್ಲಿದ್ದಾನೋ ಗೊತ್ತಿಲ್ಲ.

— ಒಬ್ಬ ಕಲಾ ಶಿಕ್ಷಕಿ

*

ಸಂಶೋಧನೆಯ ದಾರಿಯ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ‘ಸೇರಿಕೊಳ್ಳಿ, ಮುಂದೆ ಕಾಲೇಜಿನಲ್ಲಿ ಕೆಲಸ ಸಿಗುತ್ತದೆ’ ಎಂದಿವೆ. ಈ ಪತ್ರ ಬೇರೆಯೇ ಕೇಳುತ್ತದೆ.

*

ಗುರುಗಳು ಪಿಎಚ್‌ಡಿಗೆ ಸೇರು ಎಂದಿದ್ದಾರೆ. ಯಾವ ಪ್ರಶ್ನೆ ಹಿಡಿದು? ಕೆಲಸ ಸಿಗದ ಕಾಲವನ್ನು ದೂಡಲು ಬಂದವರು ಮೂರನೇ ವರ್ಷಕ್ಕೆ ಬಸವಳಿಯುವುದನ್ನು ಹತ್ತಿರದಿಂದ ಕಂಡಿದ್ದೇನೆ.

ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿದ್ದ ಕ್ರಿಸ್ಟೋಫರ್ ಫ್ರೇಲಿಂಗ್ 1993ರಲ್ಲಿ ಕಲಾ ಸಂಶೋಧನೆಯನ್ನು ಮೂರು ಬಗೆಯಾಗಿ ವಿಂಗಡಿಸಿದರು: ಕಲೆಯ ಕುರಿತು, ಕಲೆಯ ಮೂಲಕ, ಕಲೆಗಾಗಿ. ಮೊದಲನೆಯದಕ್ಕೆ ಗ್ರಂಥಾಲಯ, ಹಳೆಯ ದಾಖಲೆ, ಓದು ಬೇಕು. ಎರಡನೆಯದರಲ್ಲಿ ನೀವು ಮಾಡುವ ಕೆಲಸವೇ ಪ್ರಯೋಗ, ಹೆಜ್ಜೆ ಹೆಜ್ಜೆಗೂ ಬರೆದಿಡಬೇಕು. ಮೂರನೆಯದರ ಫಲ ಕೃತಿಯೊಳಗೇ ಇರುತ್ತದೆ. ಮೂರರಲ್ಲಿ ಹೆಚ್ಚು ತೊಡಕಿನದು ಅದೇ ಎಂದು ಅವರೂ ಕಂಡಿದ್ದರು. ಕೃತಿಗಳನ್ನೂ ಬರಹವನ್ನೂ ಒಟ್ಟಿಗೆ ಥೀಸಿಸ್ ಎಂದು ಒಪ್ಪುವ ವಿಶ್ವವಿದ್ಯಾಲಯಗಳಿವೆ, ಬರಹವನ್ನಷ್ಟೇ ಕೇಳುವವೂ ಇವೆ. ನೀವು ಸೇರುವ ಕಡೆ ಯಾವ ನಿಯಮ ಎಂಬುದನ್ನು ಗೈಡ್ ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ನಿಯಮಾವಳಿ ತರಿಸಿ ಓದಿ.

ಅರ್ಜಿ ಹಾಕುವ ಮುನ್ನ ಆರು ತಿಂಗಳು ದಿನವೂ ನೋಟ್‌ಬುಕ್ ಬರೆಯಿರಿ. ಇವತ್ತು ಏನು ಮಾಡಿದೆ, ಏನು ಕೆಟ್ಟಿತು, ಯಾಕೆ ಬದಲಿಸಿದೆ. ಮತ್ತೆ ಮತ್ತೆ ಕಾಡುವ ಗೊಂದಲ ಒಂದಿದ್ದರೆ ನಿಮ್ಮ ಪ್ರಶ್ನೆ ಅದೇ.

— ದೃಶ್ಯಕಲಾ ಸಂಶೋಧಕ

*

ನನ್ನ ಮಗನೂ ಶಿಲ್ಪಕಲೆ ಓದಿದ್ದಾನೆ. ವರ್ಷದಿಂದ ಮನೆಯಲ್ಲಿದ್ದಾನೆ. ‘ಏನಾದರೂ ಸಿಕ್ಕಿತಾ?’ ಎಂದು ಕೇಳಿದರೆ ಎದ್ದು ಹೋಗುತ್ತಾನೆ. ನಿಮ್ಮ ಪತ್ರ ಓದಿದ ಮೇಲೆ ಆ ಪ್ರಶ್ನೆ ಬಿಟ್ಟಿದ್ದೇನೆ. ಮೊನ್ನೆ ‘ಏನು ಮಾಡುತ್ತಿದ್ದೀಯಾ, ತೋರಿಸು’ ಎಂದೆ. ಒಂದು ಗಂಟೆ ಮಾತಾಡಿದ. ನಿಮಗೆ ಸಲಹೆ ಕೊಡಲು ನನಗೆ ಬರುವುದಿಲ್ಲಮ್ಮಾ, ಒಳ್ಳೆಯದಾಗಲಿ.

— ಒಬ್ಬ ತಾಯಿ

*

ಸಮುದಾಯದ ಪ್ರಾಜೆಕ್ಟ್ ಬಗ್ಗೆ, ಹತ್ತು ವರ್ಷ ಅದೇ ಕೆಲಸದಲ್ಲಿರುವವರು:

*

ನಮ್ಮ ತಂಡ ಮೊದಲು ಮಾಡಿದ್ದು ಒಂದು ದೊಡ್ಡ ಗೋಡೆಚಿತ್ರ. ಆರು ತಿಂಗಳಲ್ಲಿ ಅಲ್ಲಿನವರೇ ಅದರ ಮೇಲೆ ಬೇರೆ ಬಣ್ಣ ಬಳಿದರು. ಬೇಸರದಿಂದ ಕೇಳಿದಾಗ ಒಬ್ಬ ಹಿರಿಯರು, ‘ಅದು ನಿಮ್ಮ ಚಿತ್ರವಾಗಿತ್ತಲ್ಲವೇ?’ ಎಂದರು. ನಿಜ, ಏನು ಬರೆಯಬೇಕು ಎಂದು ನಾವು ಅವರನ್ನು ಕೇಳಿರಲಿಲ್ಲ. ಈಗ ಮೊದಲ ಎರಡು ತಿಂಗಳು ಬಣ್ಣ, ಕ್ಯಾಮೆರಾ ಒಯ್ಯುವುದಿಲ್ಲ. ಹೋಗಿ ಕೂತು ಮಾತು ಕೇಳುತ್ತೇವೆ.

ಮಿಯರ್ಲ್ ಲೇಡರ್‌ಮನ್ ಯೂಕಲೀಸ್ 1977ರಿಂದ ನ್ಯೂಯಾರ್ಕ್ ನಗರದ ನೈರ್ಮಲ್ಯ ಇಲಾಖೆಯ ಕಲಾವಿದೆ. 1979–80ರಲ್ಲಿ ಅವರು ಸುಮಾರು 8,500 ಪೌರಕಾರ್ಮಿಕರನ್ನು ಒಬ್ಬೊಬ್ಬರಾಗಿ ಕಂಡು, ಕೈಕುಲುಕಿ ಧನ್ಯವಾದ ಹೇಳಿದರು. ಅದೇ ಅವರ ಕಲಾಕೃತಿ. ಅಂಥ ಕೆಲಸ ಮಾಡುವವರನ್ನು ಸೋತು ಹಿಂದೆ ಸರಿದವರು ಎನ್ನಲು ನನ್ನಿಂದ ಆಗುವುದಿಲ್ಲ. ಆದರೆ ಆ ಹುದ್ದೆಗೆ ಸಂಬಳವಿರಲಿಲ್ಲ ಎಂಬುದನ್ನೂ ಮರೆಯಬಾರದು. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ನೋಡಿ: ಕಾರ್ಯಾಗಾರದ ಗಂಟೆಗಳಿಗೆ ಮಾತ್ರ ಗೌರವಧನವೇ, ತಯಾರಿಗೆ, ಓಡಾಟಕ್ಕೆ, ವರದಿ ಬರೆಯುವುದಕ್ಕೂ ಇದೆಯೇ? ವರ್ಷ ಮುಗಿದ ಮೇಲೆ ಅಲ್ಲಿನ ಜನರ ಜೊತೆ ಯಾರು ಉಳಿಯುತ್ತಾರೆ?

— ಸಮುದಾಯ ಕಲಾ ಕಾರ್ಯಕರ್ತೆ

*

ನಿಮ್ಮ ಪತ್ರದಲ್ಲಿ ‘ಬೇಕಾದರೆ ಆಸ್ಪತ್ರೆಯಲ್ಲಿ ಆರ್ಟ್ ಥೆರಪಿ ಮಾಡಬಹುದು’ ಎಂಬ ಸಾಲಿದೆ. ಆಸ್ಪತ್ರೆಯಲ್ಲಿ ಚಿತ್ರ ಬರೆಸುವುದು ಬೇರೆ, ಚಿಕಿತ್ಸೆ ಬೇರೆ. ಆ ಹೆಸರನ್ನು 1942ರಲ್ಲಿ ಬಳಕೆಗೆ ತಂದ ಏಡ್ರಿಯನ್ ಹಿಲ್ ಕ್ಷಯರೋಗದಿಂದ ಚೇತರಿಸಿಕೊಳ್ಳುತ್ತಿದ್ದ ಕಲಾವಿದ, ನಿಜ. ಇವತ್ತು ಅದಕ್ಕೆ ಪ್ರತ್ಯೇಕ ಓದು ಬೇಕು, ಅನುಭವಿಗಳ ಉಸ್ತುವಾರಿಯಲ್ಲಿ ಪಳಗಬೇಕು. ನೊಂದವರ ಚಿತ್ರಕ್ಕೆ ಅರ್ಥ ಹೇಳಲು ಹೊರಟು ಗಾಯ ಕೆದಕಿದರೆ ಮುಚ್ಚಲು ನಿಮಗೆ ಬರುವುದಿಲ್ಲ.

— ಚಿಕಿತ್ಸಕಿ

*

ಕಲಾ ಶಿಕ್ಷಕಿಯ ಪತ್ರವನ್ನು ಪ್ರಕಟಣೆಗೆ ಮೊದಲೇ, ಅವರ ಒಪ್ಪಿಗೆ ಪಡೆದು, ಪ್ರಶ್ನೆ ಕೇಳಿದವರಿಗೆ ಕಳಿಸಿದ್ದೆವು. ಅವರು ಬರೆದಿದ್ದಾರೆ: ‘ಉತ್ತರ ಕೊಡಲು ಎರಡು ವಾರ ಸಮಯ ಕೇಳಿದ್ದೇನೆ. ಅಷ್ಟರಲ್ಲಿ ಒಂದು ವಾರ ಎರಡನೇ ತರಗತಿಯ ಹಿಂದಿನ ಬೆಂಚಿನಲ್ಲಿ ಕೂರಲು ಶಾಲೆಯವರು ಒಪ್ಪಿದ್ದಾರೆ. ಪೆನ್ಸಿಲ್ ಒಯ್ಯುತ್ತೇನೆ. ಅಕ್ಕನ ವಿಳಾಸ ಸಿಗಬಹುದೇ?’

ವಿಳಾಸ ಕಳಿಸಿದ್ದೇವೆ.

— ಸಂ.