ನ್ಯಾಷನಲ್ ಪಾರ್ಕ್ ಕ್ಯಾಂಪ್‌ಗ್ರೌಂಡ್‌ಗೆ ಎಷ್ಟು ಅಡಿಯ ಮೋಟರ್‌ಹೋಮ್ ಸರಿ?

ಮಲೆನಾಡಿಗ, ಫ್ರೀಮಾಂಟ್

ಎಲ್ಲರಿಗೂ ನಮಸ್ಕಾರ. ಇಷ್ಟು ವರ್ಷ ಬಾಡಿಗೆ ಮೋಟರ್‌ಹೋಮ್‌ನಲ್ಲೇ (ಒಳಗೇ ಮಲಗುವ, ಅಡುಗೆ ಮಾಡುವ ಗಾಡಿ) ಸುತ್ತಾಡಿದ್ದೇವೆ. ಈಗ ಸೆಕೆಂಡ್ ಹ್ಯಾಂಡ್ ಕ್ಲಾಸ್ ಸಿ (ಡ್ರೈವರ್ ಸೀಟಿನ ಮೇಲೂ ಒಂದು ಹಾಸಿಗೆ ಇರುವ ಮೋಟರ್‌ಹೋಮ್) ಒಂದನ್ನು ಕೊಳ್ಳೋಣ ಅಂತ ಮನೆಯಲ್ಲಿ ಮಾತಾಗಿದೆ. ನಾವಿಬ್ಬರು, ಇಬ್ಬರು ಮಕ್ಕಳು. ಬೇಸಿಗೆಯಲ್ಲಿ ಶಿವಮೊಗ್ಗದಿಂದ ಅಪ್ಪ ಅಮ್ಮ ಬಂದರೆ ಆರು ಜನ.

ಎರಡು ಗಾಡಿ ನೋಡಿ ಬಂದೆವು. ಒಂದು 31 ಅಡಿ, ಹಿಂದೆ ಪ್ರತ್ಯೇಕ ಬೆಡ್‌ರೂಮ್, ಮಕ್ಕಳಿಗೆ ಒಂದರ ಮೇಲೊಂದು ಬಂಕ್ ಮಂಚ. ಇನ್ನೊಂದು 25 ಅಡಿ, ಹಿಂದೆ ಮೂಲೆಗೆ ಒತ್ತಿದ ಮಂಚ. ಮಾರುವವರು 31 ಅಡಿ ಗಾಡಿ ಎಲ್ಲಾ ಪಾರ್ಕ್‌ಗೂ ಹೋಗುತ್ತೆ ಅಂತಾರೆ. ನಮ್ಮ ಆಸೆ ಯೊಸೆಮಿಟಿ, ಗ್ರ್ಯಾಂಡ್ ಕ್ಯಾನ್ಯನ್, ಸೆಕ್ವೋಯಾ, ಮುಂದೆ ಗ್ಲೇಸಿಯರ್. ಖಾಸಗಿ ಆರ್‌ವಿ (ಮೋಟರ್‌ಹೋಮ್) ಪಾರ್ಕ್‌ಗಳಲ್ಲಿ ಉಳಿಯುವ ಮನಸ್ಸಿಲ್ಲ, ಮರಗಳ ಮಧ್ಯೆ ಇರಬೇಕು. ಅಮ್ಮನಿಗೆ ಮಂಡಿನೋವು, ಮೇಲೆ ಹತ್ತಿ ಮಲಗಲು ಆಗುವುದಿಲ್ಲ. ಅನುಭವ ಇದ್ದವರು ದಯವಿಟ್ಟು ಹೇಳಿ.

ಹಾಸನದ ಡ್ರೈವರ್, ಸ್ಯಾಕ್ರಮೆಂಟೊ

25 ಅಡಿಯದ್ದೇ ತಗೊಳ್ಳಿ ಸರ್. ಕಾರಣ ಸ್ವಲ್ಪ ಉದ್ದ ಇದೆ, ಓದಿ.

ಗಾಡಿ ನೋಡುವ ಮುಂಚೆ ಸೈಟ್, ಅಂದರೆ ಕ್ಯಾಂಪ್‌ಗ್ರೌಂಡ್‌ನಲ್ಲಿ ಗಾಡಿ ನಿಲ್ಲಿಸಿ ಉಳಿಯುವ ಜಾಗ, ನೋಡಬೇಕು. ಗ್ರ್ಯಾಂಡ್ ಕ್ಯಾನ್ಯನ್ ಸೌತ್ ರಿಮ್‌ನ ಮೇದರ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಮಿತಿಯೇ 30 ಅಡಿ. 31 ಅಂದರೆ ಅಲ್ಲಿಗೇ ಮುಗೀತು. ಪಕ್ಕದ ಟ್ರೇಲರ್ ವಿಲೇಜ್‌ನಲ್ಲಿ 50 ಅಡಿಯವರೆಗೂ ಜಾಗ ಇದೆ, ನೀರು ಕರೆಂಟ್ ಎಲ್ಲಾ ಕೊಡ್ತಾರೆ. ಆದರೆ ನೀವು ಕೇಳಿದ ಮರಗಳ ಮಧ್ಯದ ವಾಸ ಮೇದರ್‌ನಲ್ಲೇ ಚೆನ್ನ.

ಯೊಸೆಮಿಟಿ ವ್ಯಾಲಿಯ ಅಪ್ಪರ್ ಪೈನ್ಸ್‌ನಲ್ಲಿ 35 ಅಡಿ, ಲೋಯರ್ ಪೈನ್ಸ್ ಮತ್ತು ನಾರ್ತ್ ಪೈನ್ಸ್‌ನಲ್ಲಿ 40 ಅಡಿ ಅಂತ ಇದೆ. ಇದನ್ನು ಓದಿ ಖುಷಿಪಡಬೇಡಿ. ಅದು ಇಡೀ ಕ್ಯಾಂಪ್‌ಗ್ರೌಂಡ್‌ನ ಗರಿಷ್ಠ ಅಳತೆ. ಒಂದೊಂದು ಸೈಟ್‌ಗೆ ಅದರದೇ ಮಿತಿ ಇರುತ್ತೆ, ಎಷ್ಟೋ ಸೈಟ್‌ಗಳದ್ದು ಇದಕ್ಕಿಂತ ಬಹಳ ಕಡಿಮೆ. ಬುಕಿಂಗ್ ಮಾಡುವ ವೆಬ್‌ಸೈಟ್ ರಿಕ್ರಿಯೇಷನ್ ಡಾಟ್ ಗವ್‌ನಲ್ಲಿ ಗಾಡಿ ಉದ್ದ 31 ಅಂತ ಹಾಕಿ ಹುಡುಕಿ, ಆಮೇಲೆ 25 ಅಂತ ಹಾಕಿ ಹುಡುಕಿ. ಎಷ್ಟು ಸೈಟ್ ಉಳಿಯುತ್ತೆ ಅಂತ ನೀವೇ ನೋಡಿ. ವ್ಯಾಲಿಯ ಬುಕಿಂಗ್ ತಿಂಗಳ 15ನೇ ತಾರೀಕು ಬೆಳಿಗ್ಗೆ 7ಕ್ಕೆ, ಐದು ತಿಂಗಳು ಮುಂಚೆ ತೆರೆಯುತ್ತೆ. ಎಲ್ಲರೂ ಮುಗಿಬೀಳುವ ಆ ಹೊತ್ತಿನಲ್ಲಿ ಗಾಡಿ ಚಿಕ್ಕದಾದಷ್ಟೂ ಒಳ್ಳೆಯದು.

ಈ ಸೈಟ್‌ಗಳು ಇಷ್ಟು ಇಕ್ಕಟ್ಟು ಯಾಕೆ ಅಂತ ತಿಳಿದರೆ ಸಿಟ್ಟು ಬರಲ್ಲ. 1930ರ ದಶಕಕ್ಕೆ ಮುಂಚೆ ಜನ ಕಾರನ್ನು ಮರದ ಬುಡಕ್ಕೇ ಓಡಿಸಿ ನಿಲ್ಲಿಸುತ್ತಿದ್ದರು. ನೆಲ ಗಟ್ಟಿಯಾಗಿ ಬೇರು ಸೊರಗುತ್ತಿತ್ತು. ಎಮಿಲಿಯೊ ಮೈನೆಕೆ ಎಂಬ ಸಸ್ಯರೋಗ ತಜ್ಞರು ಇದನ್ನು ನೋಡಿ ಹೊಸ ನಕ್ಷೆ ಕೊಟ್ಟರು: ಒಂದೇ ದಿಕ್ಕಿನ ರಸ್ತೆ, ಅದರಿಂದ ಓರೆಯಾಗಿ ಒಳಗೆ ಹೋಗುವ ಚಿಕ್ಕ ಜಾಗ, ಕಾರು ಆಚೆ ಹೋಗದಂತೆ ಬಂಡೆ ಮತ್ತು ಮರದ ದಿಮ್ಮಿ. ಅವತ್ತಿನ ಕಾರಿನ ಅಳತೆಗೆ ಮಾಡಿದ್ದು. ಈ ಹಳೇ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಇವತ್ತೂ ಅದೇ ರೀತಿಯ ಬಂಡೆಗಳ ನಡುವೆ ನಾವು ರಿವರ್ಸ್ ಹಾಕೋದು. ಅವು ಇರೋದರಿಂದಲೇ ಮರಗಳು ಉಳಿದಿವೆ ಅಂತ ನನಗೆ ಅವುಗಳ ಮೇಲೆ ಗೌರವ.

ರಿವರ್ಸ್ ಹಾಕುವಾಗ ಕಷ್ಟ ಕೊಡೋದು ಬರೀ ಉದ್ದ ಅಲ್ಲ. ಹಿಂದಿನ ಚಕ್ರದಿಂದ ಆಚೆ ಚಾಚಿರುವ ಭಾಗ ಇದೆಯಲ್ಲ, ಅದು. ನೀವು ಸ್ಟೀರಿಂಗ್ ಎಡಕ್ಕೆ ಎಳೆದು ಮುಂದೆ ಹೋದರೆ ಆ ಭಾಗ ಬಲಕ್ಕೆ ಬೀಸುತ್ತೆ. ಬಲಗಡೆ ಸೊಂಟದೆತ್ತರದ ಬಂಡೆ, ಅದರ ಹಿಂದೆ ಪೈನ್ ಮರ. ಬಂಡೆ ಕನ್ನಡಿಯಲ್ಲಿ ಕಾಣಲ್ಲ. ಅದಕ್ಕೆ ಯಾವಾಗಲೂ ಒಬ್ಬರು ಕೆಳಗಿಳಿದು, ಡ್ರೈವರ್‌ಗೆ ಕಾಣುವ ಹಾಗೆ ನಿಂತು ಕೈ ತೋರಿಸಬೇಕು. ಮೇಲೆ ಕೊಂಬೆ ನೋಡಲು ಇನ್ನೊಬ್ಬರು. ನಮ್ಮನೆಯಲ್ಲಿ ಆ ಕೆಲಸ ಮಗಳದ್ದು.

ಗ್ಲೇಸಿಯರ್ ವಿಷಯ ಬೇರೆ. ಗೋಯಿಂಗ್ ಟು ದ ಸನ್ ರಸ್ತೆಯಲ್ಲಿ ಅವಲಾಂಚ್ ಕ್ಯಾಂಪ್‌ಗ್ರೌಂಡ್‌ನಿಂದ ಮೇಲಕ್ಕೆ 21 ಅಡಿ ಮೀರಿದ ಗಾಡಿ ಬಿಡಲ್ಲ, ಬಂಪರ್ ಸೇರಿಸಿ. ಅಗಲ ಕನ್ನಡಿ ಸೇರಿಸಿ 8 ಅಡಿ. 25 ಅಡಿಯದ್ದೂ ಹೋಗಲ್ಲ, 31 ಅಡಿಯದ್ದೂ ಹೋಗಲ್ಲ. ಗಾಡಿ ಕೆಳಗೆ ನಿಲ್ಲಿಸಿ ಅಲ್ಲಿನ ಕೆಂಪು ಟೂರ್ ಬಸ್ಸಿನಲ್ಲಿ ಹೋಗಿ. ಸೆಕ್ವೋಯಾದ ಜನರಲ್ಸ್ ಹೈವೇಯಲ್ಲೂ ಪಾಟ್‌ವಿಶಾದಿಂದ ಜೈಂಟ್ ಫಾರೆಸ್ಟ್ ಮ್ಯೂಸಿಯಂವರೆಗಿನ ಕಡಿದಾದ ತಿರುವುಗಳಿಗೆ 22 ಅಡಿಗಿಂತ ಉದ್ದದ್ದು ಬೇಡ ಅಂತಾರೆ.

ಟೆಕ್ಸಸ್ ಅಕ್ಕ, ಆಸ್ಟಿನ್

ಹಾಸನದವರ ಮಾತು ಸರಿ, ಆದರೆ ಆರು ಜನರ ನಿದ್ದೆ ಬಗ್ಗೆ ಅವರು ಹೇಳಲಿಲ್ಲ. ಮೂಲೆಗೆ ಒತ್ತಿದ ಮಂಚ ಅಂದರೆ ಗೋಡೆ ಕಡೆ ಮಲಗಿದವರು ರಾತ್ರಿ ಬಾತ್‌ರೂಮ್‌ಗೆ ಹೋಗಲು ಇನ್ನೊಬ್ಬರನ್ನು ದಾಟಬೇಕು. ಮಂಡಿನೋವಿನ ಅಮ್ಮನಿಗೆ ಹೊರಗಿನ ಕಡೆಯೇ ಕೊಡಿ. ಡೈನೆಟ್ (ಊಟದ ಜಾಗ) ಟೇಬಲ್ ಇಳಿಸಿ ಮಾಡುವ ಹಾಸಿಗೆ ದೊಡ್ಡವರಿಬ್ಬರಿಗೆ ಸಾಲುವುದಿಲ್ಲ.

ನಮ್ಮದು 30 ಅಡಿ ದಾಟಿದ್ದು. ಇಲ್ಲಿನ ಸ್ಟೇಟ್ ಪಾರ್ಕ್‌ಗಳಲ್ಲಿ ನೀರು, ಕರೆಂಟ್ ಇರುವ ಸೈಟ್‌ಗಳು ಧಾರಾಳ, ತೊಂದರೆ ಇಲ್ಲ. ಬಿಗ್ ಬೆಂಡ್‌ನಲ್ಲಿ ಮಾತ್ರ ಚಿಸೋಸ್ ಬೇಸಿನ್‌ಗೆ 24 ಅಡಿ ಮೀರಿದ್ದು ಬೇಡ ಅಂತಾರೆ, ಹಾಗಾಗಿ ನಾವು ಕೆಳಗೆ ರಿಯೊ ಗ್ರಾಂಡೆ ವಿಲೇಜ್‌ನಲ್ಲಿ ಉಳಿಯುತ್ತೇವೆ. ಅಂಥ ಜಾಗಗಳೇ ನಿಮಗೆ ಸಾಕು ಅನ್ನುವುದಾದರೆ ದೊಡ್ಡದು ನೆಮ್ಮದಿ.

ಮಲೆನಾಡಿಗ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮೇದರ್‌ನ 30 ಅಡಿ ಮಿತಿ ನೋಡಿ ಹೆಂಡತಿ ಆಗಲೇ 25ರ ಕಡೆ ವಾಲಿದ್ದಾಳೆ. ಇನ್ನೆರಡು ಸಂಶಯ. ನಾವಿಬ್ಬರು ಪಕ್ಕದಲ್ಲಿ ಟೆಂಟ್ ಹಾಕಿ ಮಲಗಬಹುದಾ? ಅಪ್ಪನಿಗೆ ರಾತ್ರಿ ಸಿಪ್ಯಾಪ್ ಮೆಷಿನ್ (ನಿದ್ದೆಯಲ್ಲಿ ಉಸಿರಾಟಕ್ಕೆ ಗಾಳಿ ಕೊಡುವ ಯಂತ್ರ) ಬೇಕು, ಕರೆಂಟ್ ಹೇಗೆ?

ಹಾಸನದ ಡ್ರೈವರ್

ಟೆಂಟ್ ಒಳ್ಳೇ ಯೋಚನೆ. ಯೊಸೆಮಿಟಿಯಲ್ಲಿ ಒಂದು ಸೈಟ್‌ಗೆ ಆರು ಜನ, ಮಕ್ಕಳೂ ಲೆಕ್ಕಕ್ಕೆ ಬರ್ತಾರೆ. ನೀವು ಸರಿಯಾಗಿ ಆರು. ಮುಂದೆ ಯೆಲ್ಲೊಸ್ಟೋನ್‌ಗೆ ಹೋದರೆ ಫಿಶಿಂಗ್ ಬ್ರಿಡ್ಜ್‌ನಲ್ಲಿ ಮಾತ್ರ ಟೆಂಟ್ ಹಾಕಲು ಬಿಡಲ್ಲ. ಗ್ರಿಝ್ಲಿ ಕರಡಿಗಳ ಜಾಗ, ಗಟ್ಟಿ ಗೋಡೆಯ ಗಾಡಿಗಳಿಗಷ್ಟೇ ಪ್ರವೇಶ.

ಯೊಸೆಮಿಟಿಯ ಸೈಟ್‌ಗಳಲ್ಲಿ ಕರೆಂಟ್ ಇಲ್ಲ, ರಾತ್ರಿ ಜನರೇಟರ್ ಹಾಕುವ ಹಾಗಿಲ್ಲ. ಅದಕ್ಕೆ ಅಪ್ಪನ ಮೆಷಿನ್ ಬ್ಯಾಟರಿಯಿಂದಲೇ ಬೆಳಗಿನವರೆಗೆ ಓಡಬೇಕು. ಅದರ ಬಿಸಿ ನೀರಿನ ಭಾಗ ಆಫ್ ಮಾಡಿದರೆ ಕರೆಂಟ್ ಬಹಳ ಉಳಿಯುತ್ತೆ, ಡಾಕ್ಟರನ್ನು ಒಂದು ಮಾತು ಕೇಳಿ. ಗಾಡಿಗೆ ಲಿಥಿಯಂ ಬ್ಯಾಟರಿ ಹಾಕಿಸುವ ಖರ್ಚನ್ನು ಈಗಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಹೊರಡುವ ಮುಂಚೆ ಮನೆ ಮುಂದೆ ಒಂದು ರಾತ್ರಿ ಮೆಷಿನ್ ಓಡಿಸಿ ನೋಡಿ.

ಇನ್ನೊಂದು ಮಾತು. ಮಾಡೆಲ್ ಹೆಸರಿನ ಅಂಕಿ ನಂಬಬೇಡಿ. ವಿನ್ನೆಬಾಗೊ ವ್ಯೂ 24 ಅಂತ ಹೆಸರಿದ್ದರೂ ಗಾಡಿ 25 ಅಡಿ ದಾಟುತ್ತೆ. ಮುಂದಿನ ಬಂಪರ್‌ನಿಂದ ಹಿಂದಿನ ಏಣಿ, ಹಿಚ್ (ಎಳೆಯುವ ಕೊಂಡಿ), ಸೈಕಲ್ ಸ್ಟ್ಯಾಂಡ್‌ವರೆಗೆ ಟೇಪ್ ಹಿಡಿದು ಅಳೆಯಿರಿ. ಬುಕಿಂಗ್‌ನಲ್ಲಿ ಆ ಅಂಕಿಯನ್ನೇ ಹಾಕಿ.

ಮಲೆನಾಡಿಗ

ಸರಿ ಸರ್. ಶನಿವಾರ 25 ಅಡಿಯದ್ದನ್ನು ಇನ್ನೊಮ್ಮೆ ನೋಡಲು ಹೋಗುತ್ತೇವೆ. ಅದಕ್ಕೆ ಹಿಂದೆ ಸೈಕಲ್ ಸ್ಟ್ಯಾಂಡ್ ಇದೆ, ಬಿಚ್ಚಿಸಿ ಅಳೆಯುತ್ತೇನೆ. ಇವತ್ತೇ ಅಮ್ಮನಿಗೆ ಫೋನ್‌ನಲ್ಲಿ ಹೇಳಿದಂತೆ, ಅವತ್ತು ಮಂಚದ ಎತ್ತರವನ್ನೂ ಅಳೆದು ಕಳಿಸುತ್ತೇನೆ, ಅವರು ಊರಲ್ಲಿ ತಮ್ಮ ಮಂಚಕ್ಕೆ ಹೋಲಿಸಿ ನೋಡ್ತಾರಂತೆ.